ಗಾಲಿಹಲಗೆಯ ಸಾಕ್ಷಿ

ನಮ್ಮ ಮನೆಯು ಯಲವಿಗಿಯ ರೇಲ್ವೆ ಠಾಣೆಗೆ ಕೂಗಳತೆಯಲ್ಲಿರುವದು. ನನ್ನ ತಾಯಿಯವರು ಬದುಕಿದ್ದಾಗ ಅಡಿಗೆಮನೆಯಲ್ಲಿ ಕುಳಿತಲ್ಲಿಂದಲೇ ಬರುವ ಗಾಡಿಯನ್ನು ಗುರುತಿಸುತ್ತಿದ್ದರು. ಗಾಡಿಯನ್ನು ಕಣ್ಣಿನಿಂದ ಕಂಡಲ್ಲ, ಅದರ ಕೂಗನ್ನು ಕೇಳಿಯೂ ಅಲ್ಲ. ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಹಿತ್ತಾಳೆಯ ಪಾತ್ರೆಗಳು ನಡುಗುವ ಬಗೆಯಿಂದ. ಸಣ್ಣ ವಾಟಿಗಳಷ್ಟೇ ಗಿಣಿಗಿಣಿ ಎಂದರೆ ಪ್ಯಾಸೆಂಜರ ಗಾಡಿ; ದೊಡ್ಡ ಕೊಳಗವೂ ಗುಂಯ್ ಎಂದು ಬಹಳ ಹೊತ್ತು ನಡುಗಿದರೆ ಮಾಲಗಾಡಿ. ನಾನು ಚಿಕ್ಕವನಿದ್ದಾಗ ಹೊರಗೆ ಓಡಿಹೋಗಿ ನೋಡಿ ಬರುತ್ತಿದ್ದೆನು. ಅವರು ತಪ್ಪಿದ್ದು ಅಪರೂಪ. ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನಡುಕವನ್ನು ಕೇಳುವದು, ಅನಂತರ ಬಾಗಿಲಿಗೆ ಬಂದು ಗಾಡಿಯನ್ನು ನೋಡುವದು, ಹೀಗೆ ಸಾವಿರಾರು ಸಲ ಎರಡನ್ನೂ ಜೋಡಿಸಿಕೊಂಡು ಕಲಿತಿದ್ದರು. 1990ರ ದಶಕದಲ್ಲಿ ನಮ್ಮ ಮಾರ್ಗದ ಮೀಟರಗೇಜು ಹೋಗಿ ಬ್ರಾಡಗೇಜು ಬಂದಾಗ ಅವರ ವಿದ್ಯೆಯು ಕೆಲವು ತಿಂಗಳು ಕೆಟ್ಟುಹೋಯಿತು. “ಎಲ್ಲಾ ಗಾಡೀನೂ ಮಾಲಗಾಡಿ ಆದುವಲ್ಲೋ” ಎಂದು ಗೊಣಗುತ್ತ ಅವರು ಮತ್ತೊಮ್ಮೆ ಬಾಗಿಲಿಗೆ ಬಂದು ನೋಡಲು ಆರಂಭಿಸಿದರು. ವರುಷ ತುಂಬುವದರೊಳಗೆ ಪುನಃ ಕಲಿತರು.

ಈ ಹಳೆಯ ಸಂಗತಿಯನ್ನು ಮೊದಲು ಹೇಳಲು ಕಾರಣವುಂಟು. ಕಳೆದ ಬೇಸಿಗೆಯಲ್ಲಿ ನನ್ನ ಮೊಮ್ಮಗನು ತನ್ನ ಯಂತ್ರಕ್ಕೆ ಕಲಿಸಲು ಹೊರಟದ್ದು ಸಹ ಇದೇ ವಿದ್ಯೆಯನ್ನು. ನಡುಕದಿಂದ ಗಾಡಿಯನ್ನು ಗುರುತಿಸಿದಂತೆ, ಹಲಗೆಯ ಅಲುಗಾಟದಿಂದ ಆಟದ ಪಟ್ಟನ್ನು ಗುರುತಿಸುವದು. ಆ ಕಾರ್ಯದಲ್ಲಿ ನನಗೂ ಒಂದು ಚಿಕ್ಕ ಅಧಿಕಾರವು ದೊರೆಯಿತು. ಆ ಅಧಿಕಾರವನ್ನು ನಾನು ಹೇಗೆ ನಡೆಯಿಸಿದೆನೆಂಬದನ್ನು ವಾಚಕರ ಮುಂದೆ ಒಪ್ಪಿಸಬೇಕಾಗಿದೆ.

ಹುಡುಗನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗಿನ ಕೊನೆಯ ವರುಷದಲ್ಲಿದ್ದನು. ಅವನಿಗೆ ಸ್ಕೇಟ್‌ಬೋರ್ಡಿನ ಹುಚ್ಚು. ನಾಲ್ಕು ಗಾಲಿಗಳ ಮೇಲೆ ಕೂಡಿಸಿದ, ಎರಡೂ ತುದಿ ಮೇಲಕ್ಕೆ ಬಾಗಿದ, ಮೊಳದ ಮೇಲೆ ಗೇಣಿನಷ್ಟು ಉದ್ದದ ಹಲಗೆಯದು. ನಮ್ಮೂರ ಹುಡುಗರು ಅದಕ್ಕೆ ಮೊದಲ ದಿನವೇ “ಗಾಲಿಹಲಗಿ” ಎಂದು ಹೆಸರಿಟ್ಟರು; ನಾನೂ ಹಾಗೆಯೇ ಕರೆಯುತ್ತೇನೆ. ಎರಡು ವರುಷಗಳ ಹಿಂದೆ ಅದರ ಮೇಲಿಂದ ಬಿದ್ದು ಅವನು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡಿದ್ದನು. ಅಂದಿನಿಂದ ನನ್ನ ಮಗನು ಹಲಗೆಯನ್ನು ಮನೆಯೊಳಗೆ ತರಗೊಡುತ್ತಿರಲಿಲ್ಲ. ಹುಡುಗನು ಜಾಣ, ಅದೇ ಹಲಗೆಯನ್ನು ಕಾಲೇಜಿನ ಪ್ರಾಜೆಕ್ಟನ್ನಾಗಿ ಮಾಡಿಕೊಂಡನು. ಅಭ್ಯಾಸದ ವಿಷಯವೆಂದ ಮೇಲೆ ತಂದೆಯು ಪೂರ್ಣವಾಗಿ ಬೇಡವೆನ್ನಲಾರದೆ ಒಂದು ಕರಾರು ಹಾಕಿದನು: ಆಟವು ಯಲವಿಗಿಯಲ್ಲಿ, ಅಜ್ಜನ ಕಣ್ಣಮುಂದೆ ನಡೆಯಬೇಕು, ಬೀಳುವದು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ ಬೇರೆ ವಿಷಯವನ್ನು ಹಿಡಿಯಬೇಕು. ನಮ್ಮ ಹಿತ್ತಲಿನಾಚೆ ಗೋವಿನಜೋಳವನ್ನು ಒಣಗಿಸುವ ಸಿಮೆಂಟಿನ ಕಣವೊಂದುಂಟು. ಬೇಸಿಗೆಯಲ್ಲಿ ಅದು ಬರಿದಾಗಿರುವದು. ಬಿಸಿಲೇರುವ ಮೊದಲು ಮುಂಜಾನೆ, ಬಿಸಿಲಿಳಿದ ಮೇಲೆ ಸಂಜೆ, ಅಲ್ಲಿಯೇ ಆಟವು ಆರಂಭವಾಯಿತು.

ಈ ಆಟವು ನಮ್ಮ ಸೀಮೆಗೆ ಹೊಸದಾದರೂ ಜಗತ್ತಿಗೆ ಹೊಸದಲ್ಲ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ತೆರೆಗಳ ಮೇಲೆ ಹಲಗೆ ನಡೆಯಿಸುವವರು, ತೆರೆಯಿಲ್ಲದ ದಿವಸಗಳಲ್ಲಿ ಬೀದಿಯ ಮೇಲೆ ಆಡಲು ಇದನ್ನು ಹೂಡಿದರೆಂದು ಹೇಳುವರು. 2021ರಲ್ಲಿ ನೆರೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದಕ್ಕೆ ಮೊದಲ ಸಲ ಸ್ಥಾನ ದೊರೆತು, 13 ವರುಷದ ಜಪಾನೀ ಹುಡುಗಿ ಮೊಮಿಜಿ ನಿಶಿಯಾ ಚಿನ್ನದ ಪದಕವನ್ನು ಗೆದ್ದಳು. ನಮ್ಮ ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ತರುಣರ ಕೂಟವು ಈ ಆಟಕ್ಕಾಗಿ ಸಿಮೆಂಟಿನ ಅಂಗಳಗಳನ್ನು ಕಟ್ಟಿದೆ. ಮಧ್ಯಪ್ರದೇಶದ ಜನವಾರವೆಂಬ ಹಳ್ಳಿಯಲ್ಲಿ 2015ರಲ್ಲಿ ಇಂಥದೇ ಅಂಗಳವಾಗಿ, ಹೊಲದ ಕೆಲಸದ ಮನೆತನಗಳ ಮಕ್ಕಳು ಅಲ್ಲಿ ಆಡಿ ಹೆಸರು ಪಡೆದಿದ್ದಾರೆ. ಆದುದರಿಂದ ಗೋವಿನಜೋಳದ ಕಣದ ಮೇಲೆ ಗಾಲಿಹಲಗೆ ಹೊರಳಿದ್ದು ಅಷ್ಟೇನೂ ವಿಚಿತ್ರವಲ್ಲ.

ಪಟ್ಟುಗಳಲ್ಲಿ ಮೊದಲನೆಯದು “ಆಲಿ”. 1978ರ ಸುಮಾರಿಗೆ ಫ್ಲೋರಿಡಾದ ಆಲನ್ ಗೆಲ್ಫಂಡನು ಇದನ್ನು ಕಂಡುಹಿಡಿದನು. ಅವನ ಅಡ್ಡಹೆಸರೇ ಪಟ್ಟಿಗೂ ಆಯಿತು. ಹಿಂದಿನ ಕಾಲಿನಿಂದ ಹಲಗೆಯ ಬಾಲವನ್ನು ನೆಲಕ್ಕೆ ಬಡಿಯುವದು. ಬಡಿದ ಕ್ಷಣವೇ ಮುಂದಿನ ಕಾಲನ್ನು ಹಲಗೆಯ ಮೇಲೆ ಸವರುತ್ತ ಮುಂದಕ್ಕೆ ಎಳೆಯುವದು. ಕೈ ಮುಟ್ಟದೆಯೇ ಹಲಗೆಯು ಆಟಗಾರನ ಕಾಲಿಗೆ ಅಂಟಿದಂತೆ ಮೇಲೇಳುವದು. ಗಾಳಿಯಲ್ಲಿರುವಾಗ ಹಲಗೆಯನ್ನು ಕಾಲ್ಬೆರಳಿನಿಂದ ಚಿಮ್ಮಿ, ಹೊರಸಿನ ಮೇಲಿನ ಮಗುವು ಮಗ್ಗುಲು ಹೊರಳಿದಂತೆ ಅದರ ಉದ್ದದ ಗುಂಟ ಒಂದು ಪೂರ್ಣ ಸುತ್ತು ಹೊರಳಿಸಿದರೆ “ಕಿಕ್‌ಫ್ಲಿಪ್”. ಹಿಮ್ಮಡಿಯಿಂದ ಚಿಮ್ಮಿ ವಿರುದ್ಧ ದಿಕ್ಕಿಗೆ ಹೊರಳಿಸಿದರೆ “ಹೀಲ್‌ಫ್ಲಿಪ್”. ಹೊರಳಿಸದೆ, ಬೀಸುವ ಕಲ್ಲಿನಂತೆ ಅಡ್ಡಲಾಗಿ ಅರ್ಧ ಸುತ್ತು ತಿರುಗಿಸಿದರೆ “ಶವ್-ಇಟ್”. ಬರೆಯಲು ಇಷ್ಟು ಸಾಲು ಹಿಡಿದರೂ ಪಟ್ಟು ಮುಗಿಯಲು ಒಂದು ಸೆಕೆಂದು ಸಹ ಬೇಡ. ನನ್ನ ಮುದಿಗಣ್ಣಿಗೆ ಮೊದಲ ವಾರ ಎಲ್ಲವೂ ಒಂದೇ ತೆರನಾಗಿ ಕಂಡವು.

ಹಲಗೆಯ ಹೊಟ್ಟೆಗೆ, ಎರಡು ಗಾಲಿಜೋಡಿಗಳ ನಡುವೆ, ಮೊಮ್ಮಗನು ಸಾಬೂನಿನ ಡಬ್ಬಿಯೊಂದನ್ನು ಪಟ್ಟಿಯಿಂದ ಬಿಗಿದಿದ್ದನು. ಅದರೊಳಗೆ ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಸೆನ್ಸರು. ಇದರಲ್ಲಿ ಎರಡು ಮಾಪಕಗಳುಂಟು. ಎಕ್ಸಲರೋಮೀಟರೆಂಬದು ತನ್ನ ಮೇಲೆ ಬೀಳುವ ಒತ್ತಡದಿಂದ ವೇಗದ ಏರಿಳಿತವನ್ನು ಮೂರು ದಿಕ್ಕುಗಳಲ್ಲಿ ಅಳೆಯುವದು. ಹಲಗೆಯು ಸುಮ್ಮನೆ ನಿಂತಾಗ ಸಹ ಇದು ಸುಮ್ಮನಿರುವದಿಲ್ಲ. ಭೂಮಿಯ ಆಕರ್ಷಣೆಯ ಲೆಕ್ಕವನ್ನು, ಎಂದರೆ 9.8ನ್ನು, ತೋರಿಸುತ್ತಲೇ ಇರುವದು. ಹಲಗೆಯು ಗಾಳಿಯಲ್ಲಿ ಕೈಬಿಟ್ಟ ಕಲ್ಲಿನಂತೆ ಬೀಳುತ್ತಿರುವಾಗ ಮಾತ್ರ ಸೊನ್ನೆಯ ಹತ್ತಿರಕ್ಕೆ ಬರುವದು. ಎರಡನೆಯದು ಗೈರೋಸ್ಕೋಪ್; ಇದು ತಿರುಗುವ ವೇಗವನ್ನು ಅಳೆಯುವದು. ಈ ಹೆಸರನ್ನು 1852ರಲ್ಲಿ ಫ್ರಾನ್ಸಿನ ಫೂಕೋ ಎಂಬ ಪಂಡಿತನು ತನ್ನ ತಿರುಗುವ ಚಕ್ರಕ್ಕೆ ಇಟ್ಟಿದ್ದನು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಬುಗರಿಯನ್ನು ಆಡಿಸಿ ಇದರ ತತ್ತ್ವವನ್ನು ವಿವರಿಸುತ್ತಿದ್ದೆನು. ಆದ್ದರಿಂದ ಡಬ್ಬಿಯೊಳಗೂ ಸಣ್ಣ ಬುಗರಿಯೊಂದಿರಬೇಕೆಂದು ಭಾವಿಸಿದ್ದೆ. ಇಲ್ಲವಂತೆ, ಅಲ್ಲಿ ತಿರುಗುವದು ಏನೂ ಇಲ್ಲ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಿಲಿಕಾನಿನ ಎಳೆಯೊಂದು ಅತ್ತಿತ್ತ ಕಂಪಿಸುತ್ತಿರುವದು. ಹಲಗೆ ತಿರುಗಿದೊಡನೆ ಆ ಕಂಪನವು ಒಂದು ಮಗ್ಗುಲಿಗೆ ಎಳೆಯಲ್ಪಡುವದು. ಆ ಎಳೆತವೇ ಅಳತೆ. ಈಗಿನ ಬಹಳಷ್ಟು ಮೊಬೈಲುಗಳಲ್ಲಿಯೂ ಈ ಎರಡು ಮಾಪಕಗಳು ಇರುವವೆಂದು ಕೇಳಿ, ನಾನು ಇಷ್ಟು ದಿನ ಬುಗರಿಯಿಲ್ಲದ ಬುಗರಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆನಲ್ಲಾ ಎಂದು ನಗು ಬಂದಿತು.

ಸೆಕೆಂದಿಗೆ 200 ಸಲ, ಒಂದೊಂದು ಸಲಕ್ಕೆ ಆರು ಅಂಕೆ. ಹೀಗೆ ಸೆಕೆಂದಿಗೆ 1200 ಅಂಕೆಗಳು ಡಬ್ಬಿಯಿಂದ ಹೊರಡುತ್ತಿದ್ದವು. ಇವು ಪಾತ್ರೆಗಳ ನಡುಕವಿದ್ದಂತೆ. ನಡುಕವು ಎಷ್ಟಿದ್ದರೇನು, ಅದು ಯಾವ ಗಾಡಿಯದೆಂದು ಬಾಗಿಲಿಗೆ ಬಂದು ನೋಡಿ ಹೇಳುವವರು ಯಾರು? ಯಂತ್ರವು ತಾನಾಗಿ ಎದ್ದು ಬಾಗಿಲಿಗೆ ಬರಲಾರದು. ಆ ಕೆಲಸವು ನನ್ನದಾಯಿತು. “ಅಜ್ಜಾ, ನೀವು ಕಟ್ಟಿ ಮ್ಯಾಲೆ ಕೂತು ಬರಕೋತ ಹೋಗ್ರಿ ಸಾಕು. ಯಾವ ಪಟ್ಟು, ಆತೋ ಬಿದ್ದೆನೋ, ಇಷ್ಟ” ಎಂದು ಹೇಳಿ ಅವನು ನನ್ನ ಕೈಯಲ್ಲಿ ಗೆರೆ ಹೊಡೆದ ವಹಿಯೊಂದನ್ನೂ ಪೆನ್ಸಿಲನ್ನೂ ಕೊಟ್ಟನು. ವೇಳೆ, ಪಟ್ಟು, ಫಲ, ಹೀಗೆ ಮೂರು ಕಾಲಮು. ಸೇವೆಯಿಂದ ನಿವೃತ್ತನಾದ ಮಾಸ್ತರನಿಗೆ ಹಾಜರಿಯ ಪುಸ್ತಕವು ಪುನಃ ಕೈಗೆ ಬಂದಂತಾಯಿತು.

ಯಂತ್ರವು ಕಲಿಯುವ ಕ್ರಮವನ್ನು ಅವನು ನನಗೆ ತಿಳಿಸಿ ಹೇಳಿದ್ದನ್ನು ಚಿಕ್ಕದಾಗಿ ಬರೆಯುತ್ತೇನೆ. ಒಂದೊಂದು ಪಟ್ಟಿನ ಅಂಕೆಗಳ ರಾಶಿಯಿಂದ ಕೆಲವು ಗುಣಗಳನ್ನು ಮಾತ್ರ ಆರಿಸುವರು: ಎಲ್ಲಕ್ಕಿಂತ ದೊಡ್ಡ ಏಟು ಎಷ್ಟು, ಯಾವ ಅಕ್ಷದ ಸುತ್ತ ಒಟ್ಟು ಎಷ್ಟು ತಿರುಗಿತು, ಗಾಳಿಯಲ್ಲಿ ಎಷ್ಟು ಹೊತ್ತು ಇತ್ತು ಇತ್ಯಾದಿ. ಹೊಸ ಪಟ್ಟೊಂದು ಬಂದರೆ, ಹಿಂದಿನ ಪಟ್ಟುಗಳಲ್ಲಿ ಇದಕ್ಕೆ ಅತ್ಯಂತ ಹತ್ತಿರದ ನೆರೆಯವರು ಯಾರೆಂದು ಹುಡುಕುವರು. ಹತ್ತಿರದ ಐವರಲ್ಲಿ ನಾಲ್ವರು ಕಿಕ್‌ಫ್ಲಿಪ್ಪಿನ ಮನೆತನದವರಾದರೆ ಇದೂ ಆ ಮನೆತನದ್ದೇ. ಹೊಸಬನನ್ನು ಓಣಿಯಿಂದ ಗುರುತಿಸುವದು ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದ ಬಂದದ್ದೇ. ಬೇರೆ ರೀತಿಗಳೂ ಉಂಟು, ಅವು ನನ್ನ ತಲೆಗೆ ಹತ್ತಲಿಲ್ಲ. ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ವಿದ್ವಾಂಸರು 2015ರಲ್ಲಿ ಏಳು ಮಂದಿ ಆಟಗಾರರಿಂದ ಆರು ಪಟ್ಟುಗಳನ್ನು ಆಡಿಸಿ ಇದೇ ಪ್ರಯೋಗವನ್ನು ನಡೆಯಿಸಿದರು. ಅವರ ಯಂತ್ರವು 100ಕ್ಕೆ 97ಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿತು. ಅವರು 2017ರಲ್ಲಿ ಪಟ್ಟುಗಳ ಸಂಖ್ಯೆಯನ್ನು ಹೆಚ್ಚಿಸಿ, ಕೆಟ್ಟುಹೋದ ಪಟ್ಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ತಪ್ಪುಗಳು ಹೆಚ್ಚಿದವು. ಚೆನ್ನಾಗಿ ಆದದ್ದೆಲ್ಲ ಒಂದೇ ಬಗೆ. ಕೆಟ್ಟದ್ದು ಮಾತ್ರ ಸಾವಿರ ಬಗೆಯಿಂದ ಕೆಡುವದು.

ಇಂಥ ಯಂತ್ರವನ್ನು ಪರೀಕ್ಷಿಸುವ ನ್ಯಾಯವಾದ ಕ್ರಮವೊಂದುಂಟು. ಅದು ಮಾಸ್ತರನಾದ ನನಗೆ ಬಹಳ ಮೆಚ್ಚಿಕೆಯಾಯಿತು. ಕಲಿಸುವಾಗ ಒಬ್ಬ ಆಟಗಾರನನ್ನು ಯಂತ್ರದಿಂದ ಪೂರ್ಣವಾಗಿ ಮರೆಮಾಡಬೇಕು. ಎಲ್ಲ ಮುಗಿದ ಮೇಲೆ ಅವನನ್ನೇ ಮುಂದೆ ನಿಲ್ಲಿಸಿ ಕೇಳಬೇಕು. ಕಲಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದರೆ ಉರು ಹೊಡೆದವನು ಸಹ ಉತ್ತರಿಸಿಯಾನು. ಆದ್ದರಿಂದ ಸವಣೂರಿನಿಂದ ಮೊಮ್ಮಗನ ಗೆಳೆಯನೊಬ್ಬನು ಒಂದು ದಿವಸ ಬಂದನು. ನೋಡಿದರೆ, ಅವನು ಹೊಡೆದ ಕಿಕ್‌ಫ್ಲಿಪ್ಪುಗಳನ್ನೆಲ್ಲ ಯಂತ್ರವು ಹೀಲ್‌ಫ್ಲಿಪ್ಪುಗಳೆಂದು ಹೇಳುತ್ತ ನಡೆಯಿತು. ಹುಡುಗರಿಬ್ಬರೂ ತಲೆಯ ಮೇಲೆ ಕೈಹೊತ್ತು ಕುಳಿತರು. ಕಾರಣವು ನನಗೆ ಮೊದಲು ಹೊಳೆಯಿತೆಂದು ಹೇಳಿಕೊಳ್ಳಲು ಈಗಲೂ ಸಂತೋಷವೆನಿಸುವದು. ನಮ್ಮ ಹುಡುಗನು ಎಡಗಾಲನ್ನು ಮುಂದಿಟ್ಟು ನಿಲ್ಲುವವನು. ಸವಣೂರಿನವನು ಬಲಗಾಲನ್ನು ಮುಂದಿಡುವವನು. ಒಬ್ಬನು ಮತ್ತೊಬ್ಬನಿಗೆ ಕನ್ನಡಿಯೊಳಗಿನ ಬಿಂಬ. ಒಬ್ಬನ ಕಾಲ್ಬೆರಳು ಇರುವ ಕಡೆಗೆ ಇನ್ನೊಬ್ಬನ ಹಿಮ್ಮಡಿ. ಆದ್ದರಿಂದ ಒಬ್ಬನ ಕಿಕ್‌ಫ್ಲಿಪ್ಪಿನಲ್ಲಿ ಹಲಗೆಯು ಎಡಕ್ಕೆ ಹೊರಳಿದರೆ ಇನ್ನೊಬ್ಬನದರಲ್ಲಿ ಬಲಕ್ಕೆ ಹೊರಳುವದು. ಹಲಗೆಗೆ ಕಾಲು ಯಾವುದೆಂದು ಏನು ಗೊತ್ತು? ಅದು ತನ್ನ ಮಟ್ಟಿಗೆ ಸತ್ಯವನ್ನೇ ನುಡಿದಿತ್ತು. ಆಮೇಲೆ ಬಲಗಾಲಿನವರ ಅಂಕೆಗಳನ್ನು ಎಡಬಲ ತಿರುವಿ ಲೆಕ್ಕಿಸಲು, ತೊಡಕು ಕಳೆಯಿತು.

ಇನ್ನು ನನ್ನ ಸಂಗತಿ.

ಪ್ರತಿ ರಾತ್ರಿ ಒಂಬತ್ತು ಗಂಟೆಗೆ ನನ್ನ ಮಗನು ಹುಬ್ಬಳ್ಳಿಯಿಂದ ಫೋನು ಮಾಡಿ, “ಅಪ್ಪಾ, ಇವತ್ತ ಎಷ್ಟ ಸಲ ಬಿದ್ದಾ?” ಎಂದು ಕೇಳುತ್ತಿದ್ದನು. ನಾನು ವಹಿಯನ್ನು ತೆರೆದು ಎಣಿಸಿ ಹೇಳುತ್ತಿದ್ದೆನು. ಮೊದಲ ಎರಡು ದಿವಸ ಇದ್ದುದನ್ನು ಇದ್ದಂತೆ ಹೇಳಿದೆನು. ಒಂಬತ್ತು ಎಂದಾಗ ಆ ಕಡೆಯಿಂದ ದೀರ್ಘವಾದ ನಿಟ್ಟುಸಿರು. ಹತ್ತು ಎಂದಾಗ, “ನಾಳೆ ನೋಡಿ ನಿಲ್ಲಿಸಿಬಿಡೂಣು” ಎಂಬ ಮಾತು. ಮೂರನೆಯ ದಿವಸ ಮುಂಜಾನೆ ಹುಡುಗನು ಒಂದು ಕಿಕ್‌ಫ್ಲಿಪ್ಪನ್ನು ಹೊಡೆದನು. ಹಲಗೆಯು ಸುಂದರವಾಗಿ ಹೊರಳಿತು. ಆದರೆ ಇಳಿಯುವಾಗ ಅವನ ಒಂದು ಕಾಲು ನೆಲಕ್ಕೆ ತಗಲಿತು. ಪೆನ್ಸಿಲು ಒಂದು ಕ್ಷಣ ನಿಂತಿತು. ಆತನ ಮುಖದ ಮೇಲಿನ ಬೆವರನ್ನೂ, ಎರಡು ವರುಷಗಳ ಹಿಂದೆ ಪ್ಲಾಸ್ಟರಿನೊಳಗಿದ್ದ ಆ ಕೈಯನ್ನೂ ನೋಡಿ, “ಆತು” ಎಂದು ಬರೆದೆನು. ಇದೇನು ದೊಡ್ಡ ಸುಳ್ಳಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಆದರೆ ಅಂದು ಸಂಜೆ ಕಾಲು ತಗಲಿದ್ದಷ್ಟೇ ಅಲ್ಲ, ಮಂಡಿಯೂರಿದ್ದು ಸಹ “ಆತು” ಆಯಿತು. ವಾರ ಕಳೆಯುವಷ್ಟರಲ್ಲಿ, ಹಲಗೆ ಒಂದು ಕಡೆ, ಹುಡುಗ ಒಂದು ಕಡೆ ಹೋದರೂ, ಅವನು ನಗುತ್ತ ಎದ್ದರೆ ಸಾಕು, ನನ್ನ ಪೆನ್ಸಿಲು “ಆತು” ಎಂದು ಬರೆಯುತ್ತಿತ್ತು. ರಾತ್ರಿ ಫೋನಿನಲ್ಲಿ “ಮೂರು”, “ಎರಡು” ಎಂದು ಹೇಳುವಾಗ ನನಗೆ ಸುಳ್ಳು ಹೇಳಿದಂತೆ ಅನಿಸುತ್ತಲೇ ಇರಲಿಲ್ಲ. ವಹಿಯಲ್ಲಿ ಇದ್ದುದನ್ನೇ ಓದುತ್ತಿದ್ದೆನಷ್ಟೆ!

ಶಾಲೆಯಲ್ಲಿದ್ದಾಗಲೂ ನಾನು ಎರಡು ಅಂಕದಿಂದ ತಪ್ಪುವ ಹುಡುಗನಿಗೆ ಆ ಎರಡನ್ನು ಕೂಡಿಸಿದವನೇ. ಅದಕ್ಕಾಗಿ ಎಂದೂ ಪಶ್ಚಾತ್ತಾಪಪಟ್ಟಿಲ್ಲ, ಈಗಲೂ ಪಡುವದಿಲ್ಲ. ಆ ಅಂಕಗಳನ್ನು ನೋಡಿ ಮತ್ತೊಬ್ಬನು ಏನನ್ನೂ ಕಲಿಯುತ್ತಿರಲಿಲ್ಲ. ಈ ವಹಿಯನ್ನಾದರೋ ಸಾಲುಸಾಲಾಗಿ ನಂಬಿ, ಅದರಿಂದಲೇ ಬಿದ್ದದ್ದೆಂದರೇನು, ನಿಂತದ್ದೆಂದರೇನು ಎಂದು ಕಲಿಯುವ ಶಿಷ್ಯನೊಬ್ಬನು ಇದ್ದನು. ಅದನ್ನು ನಾನು ಮರೆತಿದ್ದೆನು.

ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಮೊಮ್ಮಗನು ಪಡಸಾಲೆಯಲ್ಲಿ ಲ್ಯಾಪಟಾಪನ್ನು ಎದುರಿಗಿಟ್ಟುಕೊಂಡು, ನನ್ನ ವಹಿಯ ಹಾಳೆಗಳನ್ನು ತಿರುವುತ್ತಿದ್ದನು. ಪಟ್ಟುಗಳ ಹೆಸರುಗಳನ್ನು ಯಂತ್ರವು ಚೆನ್ನಾಗಿಯೇ ಹೇಳುತ್ತಿತ್ತು. ಆದರೆ ಆಯಿತೋ ಬಿದ್ದನೋ ಎಂಬದರಲ್ಲಿ ಕುರುಡನಂತೆ ತಡವರಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ನನ್ನನ್ನು ಕರೆದು ಪರದೆಯ ಮೇಲಿನ ಒಂದು ಗೆರೆಯನ್ನು ತೋರಿಸಿದನು. ಬಡಿತದ ಗುರುತು, ಹೊರಳಿಕೆಯ ಗುಡ್ಡ, ಇಳಿದ ಗುರುತು, ಎಲ್ಲ ಸರಿಯಾಗಿಯೇ ಇದ್ದವು. ಆಮೇಲೆ ಗೆರೆಯು ಶಾಂತವಾಗಿ ನಿಂತಿತ್ತು. ಆದರೆ ಸೊನ್ನೆಯ ಮೇಲೆ ಅಲ್ಲ, ಕೆಳಗೆ.

“ಅಜ್ಜಾ, ಹಲಗಿ ನೆಟ್ಟಗಿದ್ದರ ಇದು 9.8 ಮ್ಯಾಲೆ ಇರತೈತಿ. ಇಲ್ಲಿ ಅಷ್ಟೇ ಕೆಳಗೈತಿ ನೋಡ್ರಿ. ಅಂದ್ರ ಹಲಗಿ ಗಾಲಿ ಮ್ಯಾಲೆ ಮಾಡಿ ಬಿದ್ದೈತಿ. ನೀವು ಇದಕ್ಕ ‘ಆತು’ ಅಂತ ಬರದೀರಿ.”

ನಾನು ಕಣ್ಣಡಕವನ್ನು ತೆಗೆದು ಒರಸಿದೆನು. ಮಗುಚಿ ಬಿದ್ದ ಹಲಗೆಯ ಮೇಲೆ ಯಾರೂ ನಿಂತಿರಲಾರರು. ಇದಕ್ಕೆ ಪ್ರತಿಸಾಕ್ಷಿಯಿಲ್ಲ. ಅವನು ಮತ್ತೊಂದನ್ನು ತೋರಿಸಿದನು, ಇನ್ನೊಂದನ್ನು ತೋರಿಸಿದನು. ಹದಿನಾಲ್ಕು ಸಿಕ್ಕವು. ಕಾಲು ತಗಲಿದ್ದು, ಮಂಡಿಯೂರಿದ್ದು ಈ ರೀತಿ ಸಿಗುವಂಥವಲ್ಲ. ಅವು ಎಷ್ಟೆಂಬದು ನನ್ನೊಬ್ಬನಿಗೇ ಗೊತ್ತು, ನನಗೂ ಪೂರ್ಣವಾಗಿ ಗೊತ್ತಿಲ್ಲ. ನಾನು ರಾತ್ರಿಯ ಫೋನಿನ ಸಂಗತಿಯನ್ನು ಹೇಳಿದೆನು. ಹುಡುಗನು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ನನಗ ಬಿದ್ದದ್ದೂ ಬೇಕಾಗಿತ್ತಜ್ಜಾ. ಅದಿಲ್ಲದ ನಿಂತದ್ದು ಹೆಂಗ ಅಂತ ಇದಕ್ಕ ತಿಳಿಯೂದಿಲ್ಲ” ಎಂದಷ್ಟೇ ಅಂದನು. ಹಿಂದಿನ ಬರವಣಿಗೆಯಲ್ಲಿ ಸುಳ್ಳೆಷ್ಟು, ನಿಜವೆಷ್ಟು ಎಂದು ಬೇರ್ಪಡಿಸಲು ಬಾರದ್ದರಿಂದ ಎರಡೂವರೆ ವಾರದ ಕೆಲಸವನ್ನೆಲ್ಲ ಬಿಟ್ಟುಕೊಡಬೇಕಾಯಿತು. ಕಾಲೇಜಿಗೆ ಒಪ್ಪಿಸಲು ಉಳಿದದ್ದು ಇಪ್ಪತ್ತೆರಡು ದಿವಸ.

ಹೊಸ ವಹಿ ಬಂದಿತು. ಈ ಸಲ ಮೂರು ಕಾಲಮಿಗೆ ಬದಲು ಐದು: ಬಿದ್ದರೆ ಹೇಗೆ ಬಿದ್ದ, ಕೈಯೂರಿದನೋ ಇಲ್ಲವೋ ಎಂಬವೂ ಸೇರಿದವು. ಟೋಕಿಯೋದಲ್ಲಿ ಐವರು ತೀರ್ಪುಗಾರರು ಅಂಕ ಕೊಟ್ಟು, ಅವುಗಳೊಳಗಿನ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟುಬಿಡುತ್ತಿದ್ದರಂತೆ. ತೀರ್ಪುಗಾರನ ಪಕ್ಷಪಾತಕ್ಕೆ ಅದೊಂದು ಮದ್ದು. ನಮ್ಮಲ್ಲಿ ಐವರು ಎಲ್ಲಿಂದ ಬರಬೇಕು? ಓಣಿಯ ಹುಡುಗಿಯೊಬ್ಬಳು, ಆರನೆಯ ಇಯತ್ತೆಯವಳು, ತಾನಾಗಿ ಬಂದು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಬೇರೊಂದು ಹಾಳೆಯಲ್ಲಿ ಬರೆಯತೊಡಗಿದಳು. ಅವಳಿಗೆ ನಮ್ಮ ಹುಡುಗನ ಮೇಲೆ ಯಾವ ಮಮತೆಯೂ ಇರಲಿಲ್ಲ. ಅವನು ಬಿದ್ದಾಗಲೆಲ್ಲ “ಬಿದ್ದಾ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿಯೇ ಬರೆಯುತ್ತಿದ್ದಳು. ಅಂಥ ಸಾಕ್ಷಿಯು ಸಿಗುವದು ಪುಣ್ಯ.

ಹೊಸ ವಹಿಯ ಮೊದಲನೆಯ ರಾತ್ರಿ ಫೋನು ಬಂದಿತು.

“ಎಷ್ಟ ಸಲ ಬಿದ್ದಾ, ಅಪ್ಪಾ?”

“ಹದಿಮೂರು.”

ಆ ಕಡೆ ಕೆಲವು ಕ್ಷಣ ಮಾತಿಲ್ಲ. “ನಿನ್ನೆ ಎರಡು ಅಂದಿದ್ರಲ್ಲ?”

“ನಿನ್ನೆನೂ ಹನ್ನೆರಡು ಹದಿಮೂರು ಇದ್ದೀತು. ನಾನ ಸುಳ್ಳ ಹೇಳಿದೆ” ಎಂದೆನು. ಅರವತ್ತು ವರುಷ ದಾಟಿದ ಮೇಲೆ ಮಗನ ಮುಂದೆ ಈ ಮಾತನ್ನು ಆಡುವದು ಸುಲಭವಲ್ಲ. ನನಗಾದರೋ ಎಪ್ಪತ್ತೈದು ದಾಟಿದೆ. ಅವನು “ಆತು” ಎಂದು ಹೇಳಿ ಫೋನನ್ನು ಕೆಳಗಿಟ್ಟನು. ಆ “ಆತು” ಯಾವ ಕಾಲಮಿನದೆಂದು ನನಗೆ ರಾತ್ರಿಯೆಲ್ಲ ತಿಳಿಯಲಿಲ್ಲ.

ರವಿವಾರ ಮುಂಜಾನೆಯ ಗಾಡಿಗೆ ಅವನು ಬಂದೇಬಂದನು. ಹಲಗೆಯನ್ನು ಹೊತ್ತುಕೊಂಡು ಹೋಗುವನೆಂದು ನಾವಿಬ್ಬರೂ ತಿಳಿದಿದ್ದೆವು. ಅವನು ಚಹ ಕುಡಿದು, ಕಟ್ಟೆಯ ಮೇಲೆ ಕುಳಿತು, ಹೊಸ ವಹಿಯನ್ನು ಬೇಡಿ ತೆಗೆದುಕೊಂಡನು. ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಮಾಡುವವನು. ಅಂಕೆಗಳ ಸಾಲು ಸಿಕ್ಕರೆ ಅವನಿಗೆ ಬೇರೆ ಜಗತ್ತು ಬೇಡ. ಒಂದು ತಾಸಿನವರೆಗೆ ಬೆರಳು ಹಿಡಿದು ಓದಿದನು. ಆ ಹುಡುಗಿಯ ಹಾಳೆಗಳನ್ನೂ ತರಿಸಿ ಪಕ್ಕದಲ್ಲಿಟ್ಟು ತಾಳೆ ನೋಡಿದನು. ಕೊನೆಗೆ ನನ್ನ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದುಕೊಂಡು, ಪ್ರತಿ ದಿವಸದ ಬರವಣಿಗೆಯಲ್ಲಿ ಮೂವತ್ತನೆಯ ಸಾಲಿನ ಕೆಳಗೆ ಅಡ್ಡಗೆರೆಯೊಂದನ್ನು ಎಳೆಯುತ್ತ ಹೋದನು. ಗೆರೆಯ ಮೇಲೆ ಕೈಯೂರಿ ಬಿದ್ದದ್ದು ಒಂದೋ ಎರಡೋ; ಉಳಿದದ್ದೆಲ್ಲ ಗೆರೆಯ ಕೆಳಗೆ. ದಣಿದ ಮೇಲೆ ಆಡಿದ್ದು.

“ಒಂದ ಹೊತ್ತಿಗೆ ಮೂವತ್ತು. ಮೂವತ್ತೊಂದಕ್ಕ ಹಲಗಿ ಒಳಗ” ಎಂದನು. ಮೊಮ್ಮಗನು ನಡುವೆ ಬಾಯಿ ಹಾಕಲು ಹೋದನು. ತಂದೆಯು ಅಡ್ಡಗೆರೆಗಳನ್ನು ಬೆರಳಿನಿಂದ ತೋರಿಸಿದನು. ಹುಬ್ಬಳ್ಳಿಗೆ ಮರಳುವ ಮುಂಚೆ ಚೀಲದೊಳಗಿಂದ ಮಣಿಕಟ್ಟಿಗೆ ಕಟ್ಟುವ ಗಟ್ಟಿ ಪಟ್ಟಿಗಳ ಜೋಡಿಯೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟು ಹೋದನು. ಅವನ್ನು ಬರುವಾಗಲೇ ಕೊಂಡುತಂದಿದ್ದನು.

ಪ್ರಾಜೆಕ್ಟು ವೇಳೆಗೆ ಸರಿಯಾಗಿ ಒಪ್ಪಿಸಲ್ಪಟ್ಟಿತು. ಮೊದಲಿನದಕ್ಕಿಂತ ಅರ್ಧದಷ್ಟೇ ಪಟ್ಟುಗಳಿಂದ ಕಲಿತರೂ, ಬಿದ್ದದ್ದನ್ನೂ ನಿಂತದ್ದನ್ನೂ ಯಂತ್ರವು ಬಹುತರವಾಗಿ ಬೇರ್ಪಡಿಸತೊಡಗಿತ್ತು. ಕಾಲು ಸುಮ್ಮನೆ ನೆಲಕ್ಕೆ ತಗಲಿದ್ದನ್ನು ಮಾತ್ರ ಅದು ಕೊನೆಯವರೆಗೂ ಹಿಡಿಯಲಿಲ್ಲ. ಆ ಮಟ್ಟಿಗೆ ಅದಕ್ಕೂ ನನ್ನಂತೆ ದಾಕ್ಷಿಣ್ಯವಿತ್ತೆನ್ನಬೇಕು.

ಅವನು ಊರು ಬಿಡುವ ಹಿಂದಿನ ಸಂಜೆ ಮೂವತ್ತು ಮುಗಿದವು. ಹುಡುಗಿಯು ಹಾಳೆಯನ್ನು ಮಡಚಿ ಮನೆಗೆ ಹೋದಳು. ನಾನು ವಹಿಯನ್ನು ಮುಚ್ಚಿ ಎದ್ದೆನು. “ಅಜ್ಜಾ, ಇನ್ನೊಂದ” ಎಂದನು. ನಾನು ಇಲ್ಲವೆಂದು ತಲೆಯಲ್ಲಾಡಿಸುತ್ತಿರುವಷ್ಟರಲ್ಲಿಯೇ ಹಲಗೆಯು ನೆಲ ಬಿಟ್ಟು ಎದ್ದಿತು. ಇಡೀ ಬೇಸಿಗೆಯಲ್ಲಿ ಅಂಥ ಕಿಕ್‌ಫ್ಲಿಪ್ಪನ್ನು ನಾನು ನೋಡಿರಲಿಲ್ಲ. ಎರಡೂ ಕಾಲು ನಾಲ್ಕು ಮೊಳೆಗಳ ಮೇಲೆ ಸರಿಯಾಗಿ ಬಂದು ಕುಳಿತವು. ನಾನು ಅದನ್ನು ಬರೆದುಕೊಳ್ಳಲಿಲ್ಲ. ಹಲಗೆಯ ಹೊಟ್ಟೆಯ ಡಬ್ಬಿಯಲ್ಲಿ ಕೆಂಪು ದೀಪವು ಇನ್ನೂ ಮಿಣುಕುತ್ತಿತ್ತು.